ಹತ್ತು ಪುಸ್ತಕ, ಹುಡುಗರ ಚೀಲ: ಕನ್ನಡ ಹಿಡಿದು ಇಂಗ್ಲಿಷ್ ವ್ಯಾಕರಣ



ಕನ್ನಡ ಮನೆಮಾತಿನ ಮಕ್ಕಳ ಇಂಗ್ಲಿಷ್ ನೋಟ್‌ಬುಕ್ ತೆರೆದರೆ ಕೆಂಪು ಶಾಯಿ ಬಿದ್ದಿರುವ ಜಾಗಗಳು ಹೆಚ್ಚುಕಡಿಮೆ ಒಂದೇ. “ಟೆನ್ ಬುಕ್”, “ಒನ್ ಆಫ್ ಮೈ ಫ್ರೆಂಡ್”, “ಮೈ ಗ್ರ್ಯಾಂಡ್‌ಫಾದರ್ ಈಸ್ ಅ ಫಾರ್ಮರ್, ದೇ ಹ್ಯಾವ್ ಟೂ ಕೌಸ್”. ಇವು ಗಮನ ಕೊಡದೆ ಮಾಡಿದ ತಪ್ಪುಗಳೆಂದು ಹಲವರು ತಿಳಿಯುತ್ತಾರೆ. ಆದರೆ ಇವುಗಳಲ್ಲಿ ಕೆಲವು, ಕನ್ನಡದ ಸರಿಯಾದ ನಿಯಮವನ್ನು ಇಂಗ್ಲಿಷಿಗೆ ಹಚ್ಚಿದ್ದರಿಂದ ಆದ ತಪ್ಪುಗಳು. ಇನ್ನು ಕೆಲವು, ಕನ್ನಡದಲ್ಲಿ ಸರಿಯಾಗಿಯೇ ಹೇಳುತ್ತಿದ್ದ ಮಾತನ್ನು ಇಂಗ್ಲಿಷ್ ಬರೆಯುವಾಗ ಮರೆತದ್ದರಿಂದ ಆದವು. ಎರಡನ್ನೂ ಕಂಡುಹಿಡಿಯಲು ಕನ್ನಡ ಬಲ್ಲವರೇ ಬೇಕು.

ಇದನ್ನು ಒತ್ತಿ ಹೇಳಲು ಕಾರಣವಿದೆ. “ಟೀಚರ್, ಮಗುವಿನ ಇಂಗ್ಲಿಷ್ ಸುಧಾರಿಸಲಿ ಅಂತ ಮನೆಯಲ್ಲಿ ಕನ್ನಡ ನಿಲ್ಲಿಸಿಬಿಟ್ಟಿದ್ದೇವೆ” ಎಂದು ಹೇಳುವ ತಂದೆ ತಾಯಿಯರು ಪ್ರತಿ ವರ್ಷವೂ ಸಿಗುತ್ತಾರೆ. “ನನಗೆ ಇಂಗ್ಲಿಷ್ ಅಷ್ಟಾಗಿ ಬರೋದಿಲ್ಲ, ಹೋಮ್‌ವರ್ಕ್ ಹತ್ತಿರ ನಾನು ಹೋಗೋದೇ ಇಲ್ಲ” ಎನ್ನುವ ತಾಯಂದಿರೂ ಇದ್ದಾರೆ. ಈ ಪಾಠ ಅವರಿಗಾಗಿಯೂ ಬರೆದದ್ದು.

ಓದುವ ಕ್ರಮ ಹೀಗಿರಲಿ. ಇಲ್ಲಿ ಇಂಗ್ಲಿಷ್ ಪದಗಳೂ ಕನ್ನಡ ಲಿಪಿಯಲ್ಲೇ ಇವೆ. ಅಮ್ಮನೋ ಅಪ್ಪನೋ ಗಟ್ಟಿಯಾಗಿ ಓದಲಿ. ಮಗು ಒಂದು ಹಾಳೆಯ ಮೇಲೆ ಆ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲಿ. ಸ್ಪೆಲಿಂಗ್ ಮಗುವಿನ ಜವಾಬ್ದಾರಿ, ಅರ್ಥ ದೊಡ್ಡವರ ಜವಾಬ್ದಾರಿ.

ಒಂದು ಮತ್ತು ಹಲವು

ಮೊದಲು ನಮ್ಮ ಭಾಷೆಯನ್ನೇ ನೋಡೋಣ. ಮರ – ಮರಗಳು, ಹುಡುಗ – ಹುಡುಗರು, ಅಕ್ಕ – ಅಕ್ಕಂದಿರು. ಬಹುವಚನಕ್ಕೆ ಕನ್ನಡ ಮೂರು ಬಗೆಯ ಪ್ರತ್ಯಯ ಬಳಸುತ್ತದೆ. “ಮರರು” ಎಂದಾಗಲಿ “ಅಕ್ಕಗಳು” ಎಂದಾಗಲಿ ನಾಲ್ಕು ವರ್ಷದ ಮಗುವೂ ಹೇಳುವುದಿಲ್ಲ, ಯಾರೂ ಕಲಿಸಿರದಿದ್ದರೂ. ಇಂಗ್ಲಿಷಿನಲ್ಲಿ ಇಷ್ಟು ಕಷ್ಟವಿಲ್ಲ. ಬಹುಪಾಲು ನಾಮಪದಗಳಿಗೆ ಒಂದೇ ಅಕ್ಷರ, ಎಸ್.

ಹಾಗಿದ್ದರೂ “ಟೆನ್ ಬುಕ್” ಏಕೆ ಬರುತ್ತದೆ? ಅಂಗಡಿಯಲ್ಲಿ ನಾವು “ಹತ್ತು ಪುಸ್ತಕ ಕೊಡಿ”, “ಆರು ಬಾಳೆಹಣ್ಣು ಕೊಡಿ” ಎನ್ನುತ್ತೇವೆ. ಹತ್ತು ಎಂದ ಮೇಲೆ ಒಂದಕ್ಕಿಂತ ಹೆಚ್ಚು ಎಂಬುದು ಗೊತ್ತಾಯಿತು, ಮತ್ತೆ “ಗಳು” ಏಕೆ ಎಂಬುದು ಕನ್ನಡದ ಲೆಕ್ಕ. ಬುದ್ಧಿವಂತ ಲೆಕ್ಕವೇ. ಆದರೆ ಮನುಷ್ಯರ ವಿಷಯ ಬಂದಾಗ ಕನ್ನಡವೂ ಬಿಡುವುದಿಲ್ಲ, “ಹತ್ತು ಹುಡುಗ” ಎನ್ನುವುದಿಲ್ಲ, “ಹತ್ತು ಹುಡುಗರು” ಎನ್ನುತ್ತೇವೆ. ಆದ್ದರಿಂದಲೇ “ಟೆನ್ ಬಾಯ್ಸ್” ಎಂದು ಸರಿಯಾಗಿ ಬರೆದ ಮಗು ಮುಂದಿನ ಸಾಲಿನಲ್ಲೇ “ಟೆನ್ ಬುಕ್” ಎಂದು ಬರೆದಿರುತ್ತದೆ. ಮಕ್ಕಳಿಗೆ ಹೇಳಬೇಕಾದದ್ದು ಇಷ್ಟೇ: ಇಂಗ್ಲಿಷಿನಲ್ಲಿ ಪುಸ್ತಕಕ್ಕೂ ಹುಡುಗರ ಮರ್ಯಾದೆಯೇ. ಎರಡಾದರೆ ಎಸ್ ಬೇಕೇ ಬೇಕು.

ಬರೆಯುವ ನಿಯಮಗಳು ನಿಮ್ಮ ಪಠ್ಯಪುಸ್ತಕದಲ್ಲಿವೆ, ಬೇಗ ಮುಗಿಸೋಣ. ಬಸ್, ಬಾಕ್ಸ್, ಡಿಶ್, ಬೆಂಚ್ ಹೀಗೆ ಬುಸುಗುಟ್ಟುವ ಸದ್ದಿನಲ್ಲಿ ಮುಗಿದರೆ ಇ-ಎಸ್. ಕೊನೆಯ ವೈ ಅಕ್ಷರಕ್ಕೆ ಮುಂಚೆ ವ್ಯಂಜನವಿದ್ದರೆ ವೈ ಹೋಗಿ ಐ-ಇ-ಎಸ್ (ಬೇಬಿ), ಸ್ವರವಿದ್ದರೆ ಬರಿ ಎಸ್ (ಕೀ, ಟಾಯ್). ನೈಫ್, ಲೀಫ್, ವೈಫ್ ಪದಗಳಲ್ಲಿ ಎಫ್ ಸದ್ದು ವಿ ಆಗುತ್ತದೆ, ರೂಫ್ ಮತ್ತು ಚೀಫ್ ಪದಗಳಲ್ಲಿ ಆಗುವುದಿಲ್ಲ. ಟೊಮ್ಯಾಟೊ, ಪೊಟ್ಯಾಟೊಗಳಿಗೆ ಇ-ಎಸ್, ಫೋಟೋ, ಪಿಯಾನೋಗಳಿಗೆ ಎಸ್ ಮಾತ್ರ. ಇಲ್ಲಿ ತರ್ಕ ಹುಡುಕುತ್ತಾ ಕೂರಬೇಡಿ, ಬಾಯಿಪಾಠವೇ ದಾರಿ.

ತರ್ಕವಿಲ್ಲದಂತೆ ಕಾಣುವ ಕೆಲವು ಪದಗಳಿಗೆ ಮಾತ್ರ ಒಳ್ಳೆಯ ಕಥೆಯಿದೆ. ಚೈಲ್ಡ್ ಎಂಬುದು ಚಿಲ್ಡ್ರನ್ ಆಗುವುದೇಕೆ? ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಬಹುವಚನಕ್ಕೆ ಎಸ್ ಒಂದೇ ಇರಲಿಲ್ಲ, ಹಲವು ಬಗೆಗಳಿದ್ದವು. ಆಗ ಈ ಪದದ ಬಹುವಚನ “ಚಿಲ್ಡ್ರು” ಎಂಬಂತೆ ಇತ್ತು. ಮುಂದೆ ಜನರಿಗೆ ಅದು ಬಹುವಚನ ಎಂಬುದೇ ಮಸುಕಾಯಿತು, ಅದರ ಮೇಲೆ ಆಕ್ಸನ್ ಪದದಲ್ಲಿರುವ “ಎನ್” ಪ್ರತ್ಯಯವನ್ನೂ ಸೇರಿಸಿದರು. ಅಂದರೆ ಚಿಲ್ಡ್ರನ್ ಎಂಬುದು ಬಹುವಚನದ ಮೇಲೆ ಇನ್ನೊಂದು ಬಹುವಚನ. ನಗಬೇಡಿ, ಸಭೆಗಳಲ್ಲಿ ನಾವು “ಶಿಕ್ಷಕರುಗಳೇ, ಪೋಷಕರುಗಳೇ” ಎನ್ನುವುದಿಲ್ಲವೇ? ಅಲ್ಲಿಯೂ “ರು” ಸಾಲದೆಂದು “ಗಳು” ಸೇರಿದೆ. ಇನ್ನೊಂದು ತಮಾಷೆ ನೋಡಿ, ನಮ್ಮ “ಮಗು” ಕೂಡ ನಿಯಮ ಮುರಿದ ಪದವೇ. ಅದರ ಬಹುವಚನ “ಮಗುಗಳು” ಅಲ್ಲ, “ಮಕ್ಕಳು”. ಎರಡು ಭಾಷೆಗಳಲ್ಲೂ ಮಕ್ಕಳು ನಿಯಮಕ್ಕೆ ಸಿಕ್ಕಿಲ್ಲ!

ಮ್ಯಾನ್ – ಮೆನ್, ಫುಟ್ – ಫೀಟ್, ಮೌಸ್ – ಮೈಸ್ ಪದಗಳಲ್ಲಿ ಹೊರಗಿನಿಂದ ಏನೂ ಸೇರುವುದಿಲ್ಲ, ಒಳಗಿನ ಸ್ವರ ಬದಲಾಗುತ್ತದೆ. ಶಾಲೆಯಲ್ಲಿ ಅರೇಬಿಕ್ ಓದುವ ಮಕ್ಕಳಿಗೆ ಇದು ಹೊಸದಲ್ಲ. ಕಿತಾಬ್ ಒಂದು, ಕುತುಬ್ ಹಲವು. ಎರಡು ಪುಸ್ತಕಕ್ಕೆಂದೇ ಅರೇಬಿಕ್ಕಿನಲ್ಲಿ ದ್ವಿವಚನವೂ ಇದೆ, ಸಂಸ್ಕೃತದ ಹಾಗೆ.

ಅರೇಬಿಕ್ ಎಂದಾಗ ನೆನಪಾಯಿತು. ನಾವಿರುವ ಬಹರೈನಿನಲ್ಲಿ ಒಂದು ದಿನಾರಿಗೆ 1000 ಫಿಲ್ಸ್. ಕೆಲವು ಮಕ್ಕಳು ಈ ಫಿಲ್ಸ್ ಪದದ ಕೊನೆಯ ಎಸ್ ಬಹುವಚನದ್ದೆಂದು ತಿಳಿದು “ಒನ್ ಫಿಲ್” ಎನ್ನುತ್ತಾರೆ. ಅದು ತಪ್ಪು. ಫಿಲ್ಸ್ ಎಂಬುದೇ ಏಕವಚನ, ಅರೇಬಿಕ್ಕಿನಲ್ಲಿ ಅದರ ಬಹುವಚನ ಫುಲೂಸ್. ಅಂಗಡಿಯಲ್ಲಿ ದುಡ್ಡಿಗೆ “ಫುಲೂಸ್” ಎನ್ನುವುದನ್ನು ನೀವೆಲ್ಲ ಕೇಳಿದ್ದೀರಿ. ಇಂಗ್ಲಿಷರೂ ಹೀಗೆ ಎಡವಿದ್ದುಂಟು. ಬಟಾಣಿಗೆ ಹಿಂದೆ ಅವರಲ್ಲಿ “ಪೀಸ್” ಎಂಬ ಪದವಿತ್ತು. ಕೊನೆಯ ಸದ್ದು ಬಹುವಚನದ್ದೆಂದು ಭ್ರಮಿಸಿ, ಅದನ್ನು ಕಳೆದು, ಸುಮಾರು 17ನೇ ಶತಮಾನದಲ್ಲಿ “ಪೀ” ಎಂಬ ಏಕವಚನ ಹುಟ್ಟಿಸಿಕೊಂಡರು. ಅವರ ತಪ್ಪು ನಿಘಂಟು ಸೇರಿತು. ನಿಮ್ಮದು ಸೇರುವವರೆಗೆ ಕಾಯಬೇಡಿ, “ಒನ್ ಫಿಲ್ಸ್” ಎಂದೇ ಬರೆಯಿರಿ.

ಇನ್ನು ಎಣಿಸಲಾಗದ ಪದಗಳು. ಸಲಹೆಗಳು, ಮಾಹಿತಿಗಳು ಎಂದು ಕನ್ನಡದಲ್ಲಿ ಧಾರಾಳವಾಗಿ ಹೇಳಬಹುದು. ಇಂಗ್ಲಿಷಿನಲ್ಲಿ ಅಡ್ವೈಸ್, ಇನ್‌ಫರ್ಮೇಶನ್, ಫರ್ನಿಚರ್, ಲಗೇಜ್, ಹೋಮ್‌ವರ್ಕ್ ಇವಕ್ಕೆ ಎಸ್ ಹಚ್ಚುವಂತಿಲ್ಲ. ಊರಿಗೆ ಹೊರಟಾಗ ಆರು ಪೆಟ್ಟಿಗೆ ಇದ್ದರೂ ಅದು “ಲಗೇಜ್” ಮಾತ್ರ. “ಹೇರ್” ಮಾತ್ರ ನಮಗೆ ಸುಲಭ. ಕೂದಲು ಉದುರಿತು ಎನ್ನುತ್ತೇವೆ, ಕೂದಲುಗಳು ಉದುರಿದವು ಎನ್ನುವವರು ಕಡಿಮೆ. ಇಂಗ್ಲಿಷಿನಲ್ಲೂ ತಲೆತುಂಬ ಇರುವುದು “ಹೇರ್”, ಸಾರಿನಲ್ಲಿ ಸಿಕ್ಕ ಒಂದು ಎಳೆ “ಅ ಹೇರ್”. ಇದಕ್ಕೆ ಎದುರಾದದ್ದು ಕತ್ತರಿ. ನಮಗೆ ಕತ್ತರಿ ಒಂದು, ಪ್ಯಾಂಟು ಒಂದು, ಕನ್ನಡಕ ಒಂದು. ಇಂಗ್ಲಿಷಿನವರಿಗೆ ಅಲಗು ಎರಡು, ಕಾಲು ಎರಡು, ಗಾಜು ಎರಡು. ಆದ್ದರಿಂದ ಸಿಝರ್ಸ್, ಟ್ರೌಸರ್ಸ್, ಗ್ಲಾಸಸ್ ಸದಾ ಬಹುವಚನ. “ದ ಸಿಝರ್ಸ್ ಆರ್ ಆನ್ ದ ಟೇಬಲ್.”

ಈ ಭಾಗದ ಕೊನೆಯ ಮಾತು “ಒನ್ ಆಫ್ ಮೈ ಫ್ರೆಂಡ್” ಬಗ್ಗೆ. ಈ ತಪ್ಪು ದೊಡ್ಡವರ ಇಂಗ್ಲಿಷಿನಲ್ಲೂ ಧಾರಾಳವಾಗಿದೆ. ಇದನ್ನು ಕನ್ನಡದಲ್ಲಿ ಹೇಳಿ ನೋಡಿ: “ನನ್ನ ಗೆಳೆಯರಲ್ಲಿ ಒಬ್ಬ”. ಗೆಳೆಯನಲ್ಲಿ ಒಬ್ಬ ಎಂದು ಯಾರಾದರೂ ಹೇಳುತ್ತಾರೆಯೇ? ಇಲ್ಲ. ಕನ್ನಡದಲ್ಲಿ ಬಹುವಚನವಿದೆ, ಇಂಗ್ಲಿಷಿನಲ್ಲೂ ಇರಬೇಕು: “ಒನ್ ಆಫ್ ಮೈ ಫ್ರೆಂಡ್ಸ್”. ಇಲ್ಲಿ ನಮ್ಮನ್ನು ಕೆಡಿಸಿದ್ದು ಕನ್ನಡವಲ್ಲ, ಕನ್ನಡವನ್ನು ಕೇಳದೆ ಬರೆದದ್ದು.

ಯಾರ ಚೀಲ?

ಅಪಾಸ್ಟ್ರಫಿ ಎಂದರೆ ಅಕ್ಷರದ ಮೇಲ್ಗಡೆ ಬರುವ, ಅಲ್ಪವಿರಾಮದಂಥ ಪುಟ್ಟ ಗುರುತು. ಅದರ ಕಷ್ಟವೆಲ್ಲ ಇರುವುದು ಕಿವಿಯಲ್ಲಿ. ಹುಡುಗರು ಎನ್ನಲು “ಬಾಯ್ಸ್”. ಒಬ್ಬ ಹುಡುಗನ ಎನ್ನಲು “ಬಾಯ್’ಸ್”. ಹಲವು ಹುಡುಗರ ಎನ್ನಲು “ಬಾಯ್ಸ್’”. ಮೂರರ ಉಚ್ಚಾರಣೆಯೂ ಒಂದೇ! ಲಂಡನ್ನಿನಲ್ಲಿ ಹುಟ್ಟಿದ ಮಗುವಿಗೂ ಕೇಳಿ ತಿಳಿಯುವಂತಿಲ್ಲ, ಬರೆಯುವಾಗ ಯೋಚಿಸಲೇಬೇಕು.

ಕನ್ನಡದ ಮಗುವಿಗೆ ಇಲ್ಲಿ ಒಂದು ಕೀಲಿಕೈ ಇದೆ. ನಮ್ಮ ಭಾಷೆಯಲ್ಲಿ ಈ ಮೂರೂ ಬೇರೆ ಬೇರೆಯಾಗಿ ಕೇಳಿಸುತ್ತವೆ. ಹುಡುಗರು, ಹುಡುಗನ, ಹುಡುಗರ. ಆದ್ದರಿಂದ ಪೆನ್ಸಿಲ್ ಇಡುವ ಮುಂಚೆ ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳಿಕೊಳ್ಳಿ. “ಹುಡುಗರು” ಎಂದು ಬಂದರೆ ಗುರುತೇ ಬೇಡ. “ಹುಡುಗನ” ಎಂದು ಬಂದರೆ ಎಸ್‌ಗೆ ಮುಂಚೆ ಗುರುತು. “ಹುಡುಗರ” ಎಂದು ಬಂದರೆ ಎಸ್ ಆದಮೇಲೆ ಗುರುತು. ಹಸುಗಳು, ಹಸುವಿನ, ಹಸುಗಳ ಎಂದರೂ ಇದೇ ಕ್ರಮ. ತಾಯಂದಿರೇ, ಮಗು ಗೊಂದಲದಲ್ಲಿದ್ದರೆ “ಹುಡುಗನ ಚೀಲವೋ, ಹುಡುಗರ ಚೀಲವೋ?” ಎಂದಷ್ಟೇ ಕೇಳಿ. ಇದಕ್ಕೆ ನಿಮಗೆ ಇಂಗ್ಲಿಷ್ ಬರಬೇಕಾಗಿಲ್ಲ.

ಎರಡು ಎಚ್ಚರಿಕೆ ಮಾತ್ರ ಬೇಕು. “ಮೇಷ್ಟ್ರ ಕಾರು”, “ತಾತನವರ ಕೋಲು” ಎಂದಾಗ ಬರುವ “ರ” ಗೌರವದ್ದು, ಹಲವರದ್ದಲ್ಲ. ಮೇಷ್ಟ್ರು ಒಬ್ಬರೇ ಆದರೆ “ಟೀಚರ್’ಸ್ ಕಾರ್”. ಮತ್ತೊಂದು, ಬಹುವಚನವೇ ಎಸ್ ಇಲ್ಲದೆ ಆದ ಪದಗಳದ್ದು. ಮಕ್ಕಳ ಪುಸ್ತಕ ಎನ್ನಲು ಮೊದಲು ಚಿಲ್ಡ್ರನ್ ಎಂದು ಪೂರ್ತಿ ಬರೆದು, ಆಮೇಲೆ ಗುರುತು ಹಾಕಿ ಎಸ್ ಬರೆಯಬೇಕು: “ಚಿಲ್ಡ್ರನ್’ಸ್ ಬುಕ್”. ಮೆನ್, ವಿಮೆನ್ ಪದಗಳಿಗೂ ಹೀಗೆಯೇ. ಶ್ರೀನಿವಾಸ್‌ನಂತೆ ಎಸ್‌ನಲ್ಲಿ ಮುಗಿಯುವ ಹೆಸರಿದ್ದರೆ ಗುರುತು ಹಾಕಿ ಇನ್ನೊಂದು ಎಸ್ ಬರೆಯುವುದೂ ಉಂಟು, ಬರಿ ಗುರುತು ಹಾಕುವುದೂ ಉಂಟು. ಒಂದು ಪ್ರಬಂಧದಲ್ಲಿ ಒಂದೇ ಪದ್ಧತಿ ಇರಲಿ.

ಈ ಗುರುತು ಎಲ್ಲಿಂದ ಬಂತು? ಹಳೆಯ ಇಂಗ್ಲಿಷಿನಲ್ಲಿ ನಮ್ಮ ಷಷ್ಠೀ ವಿಭಕ್ತಿಯ ಹಾಗೆ ಅನೇಕ ಪದಗಳಿಗೆ ಇ-ಎಸ್ ಎಂಬ ಪ್ರತ್ಯಯ ಸೇರುತ್ತಿತ್ತು. ಕಾಲಕ್ರಮದಲ್ಲಿ ಇ ಉಚ್ಚಾರಣೆಯಿಂದ ಬಿದ್ದುಹೋಯಿತು. 16ನೇ ಶತಮಾನದಲ್ಲಿ ಫ್ರೆಂಚರನ್ನು ನೋಡಿ ಇಂಗ್ಲಿಷ್ ಮುದ್ರಕರು ಬಿಟ್ಟುಹೋದ ಅಕ್ಷರದ ಜಾಗದಲ್ಲಿ ಈ ಗುರುತನ್ನು ಹಾಕಲು ಕಲಿತರು. ಒಡೆತನಕ್ಕೆ ಅದು ಗಟ್ಟಿಯಾಗಿ ನೆಲೆಯಾದದ್ದು ಆಮೇಲೆ. ಇಂದಿಗೂ ಜಗಳ ಪೂರ್ತಿ ಮುಗಿದಿಲ್ಲ. ಲಂಡನ್ನಿನ ಭೂಗತ ರೈಲಿನಲ್ಲಿ ಅರ್ಲ್ಸ್ ಕೋರ್ಟ್ ನಿಲ್ದಾಣದ ಹೆಸರಿಗೆ ಗುರುತಿದೆ, ಅದೇ ಮಾರ್ಗದ ಬ್ಯಾರನ್ಸ್ ಕೋರ್ಟಿಗೆ ಇಲ್ಲ. ಇಂಗ್ಲೆಂಡಿನ ಜಾನ್ ರಿಚರ್ಡ್ಸ್ ಎಂಬ ನಿವೃತ್ತ ಪತ್ರಕರ್ತರು ತಪ್ಪು ಬೋರ್ಡುಗಳನ್ನು ನೋಡಲಾರದೆ 2001ರಲ್ಲಿ ಅಪಾಸ್ಟ್ರಫಿ ರಕ್ಷಣೆಗೆಂದೇ ಒಂದು ಸಂಘ ಕಟ್ಟಿದ್ದರು. 2019ರಲ್ಲಿ, 96ನೇ ವಯಸ್ಸಿನಲ್ಲಿ, ಅದನ್ನು ಮುಚ್ಚುವುದಾಗಿ ಹೇಳಿದಾಗ ಅದು ಪತ್ರಿಕೆಗಳಲ್ಲಿ ಸುದ್ದಿಯಾಯಿತು.

ಮಕ್ಕಳೇ, ಸಂಜೆ ಅಡುಗೆಮನೆಯಲ್ಲಿ ಒಂದು ಆಟ ಆಡಿ. ಕೆಲಾಗ್ಸ್ ಡಬ್ಬ, ಲೇಸ್ ಚಿಪ್ಸ್ ಪೊಟ್ಟಣ, ರಸ್ತೆಯಲ್ಲಿ ಮೆಕ್‌ಡೊನಾಲ್ಡ್ಸ್ ಮತ್ತು ಸ್ಟಾರ್‌ಬಕ್ಸ್ ಬೋರ್ಡು ನೋಡಿ. ಯಾವುದಕ್ಕೆ ಗುರುತಿದೆ, ಯಾವುದಕ್ಕಿಲ್ಲ ಎಂದು ಪಟ್ಟಿ ಮಾಡಿ. ನಾಲ್ಕರಲ್ಲಿ ಒಂದಕ್ಕೆ ಇಲ್ಲ, ಯಾವುದೆಂದು ನಾನು ಹೇಳುವುದಿಲ್ಲ.

ಅತಿ ಹೆಚ್ಚು ಅಂಕ ಕಳೆಯುವ ಪದ “ಇಟ್ಸ್”. ಅದರ ಎಂಬರ್ಥದ “ಇಟ್ಸ್” ಪದಕ್ಕೆ ಗುರುತಿಲ್ಲ. “ಇಟ್ ಈಸ್” ಎಂಬುದನ್ನು ಕುಗ್ಗಿಸಿದಾಗ ಗುರುತು ಬೇಕು. ಇದಕ್ಕೂ ಕನ್ನಡದ ಪರೀಕ್ಷೆ ಸಾಕು. “ಬೆಕ್ಕು ಅದರ ಬಾಲ ನೆಕ್ಕಿತು” ಇಲ್ಲಿ “ಅದರ” ಇದೆ, ಗುರುತು ಬೇಡ. “ಅದು ಬಿಸಿಯಾಗಿದೆ” ಇಲ್ಲಿ “ಅದು” ಇದೆ, ಗುರುತು ಬೇಕು. ಅವನ, ಅವಳ, ನಮ್ಮ, ನಿಮ್ಮ, ಅವರ ಎಂಬ ಸರ್ವನಾಮಗಳಿಗೂ ಇಂಗ್ಲಿಷಿನಲ್ಲಿ ಈ ಗುರುತು ಬರುವುದಿಲ್ಲ.

ನಾನು, ನೀನು, ಅವರು

“ಮಿ ಅಂಡ್ ಮೈ ಬ್ರದರ್ ವೆಂಟ್” ಎಂದು ಬರೆಯುವವರು ಕನ್ನಡದಲ್ಲಿ “ನನ್ನನ್ನು ಮತ್ತು ನನ್ನ ತಮ್ಮ ಹೋದೆವು” ಎನ್ನುವುದಿಲ್ಲವಷ್ಟೆ. ನಾನು ಎಂದು ಬಂದರೆ “ಐ”. ನನ್ನನ್ನು, ನನಗೆ, ನನ್ನೊಂದಿಗೆ ಎಂದು ಬಂದರೆ “ಮಿ”. ಆದರೆ ನಮ್ಮ “ನನಗೆ” ಸ್ವಲ್ಪ ಮೋಸಗಾರ. ನನಗೆ ಹಸಿವಾಗಿದೆ, ನನಗೆ ಗೊತ್ತು, ನನಗೆ ಬೇಕು ಎಂಬ ಮಾತುಗಳಲ್ಲಿ ಹಸಿವು, ತಿಳಿವಳಿಕೆ ನಮ್ಮ ಬಳಿ ಬರುತ್ತವೆ. ಇಂಗ್ಲಿಷಿನಲ್ಲಿ ಅಲ್ಲೆಲ್ಲ “ಐ” ಬರುತ್ತದೆ. ಹಾಗೆಯೇ ಪರಿಚಯ ಮಾಡಿಕೊಳ್ಳುವಾಗ “ಮೈಸೆಲ್ಫ್ ಸುಮಾ” ಎನ್ನಬೇಡಿ, “ಐ ಆಮ್ ಸುಮಾ” ಸಾಕು.

ಕನ್ನಡದಲ್ಲಿ ಸರ್ವನಾಮ ಬಿಟ್ಟರೂ ನಡೆಯುತ್ತದೆ. “ಬಂದೆ” ಎಂದರೆ ನಾನು, “ಬಂದಳು” ಎಂದರೆ ಅವಳು, ಕ್ರಿಯಾಪದವೇ ಎಲ್ಲ ಹೇಳುತ್ತದೆ. ಇಂಗ್ಲಿಷಿನ “ಕೇಮ್” ಏನೂ ಹೇಳುವುದಿಲ್ಲ, ಆದ್ದರಿಂದ ಯಾರೆಂದು ಹೇಳಲೇಬೇಕು. ಯಾರೂ ಇಲ್ಲದಿದ್ದರೂ ಒಬ್ಬರನ್ನು ನಿಲ್ಲಿಸಬೇಕು: “ಇಟ್ ಈಸ್ ರೇನಿಂಗ್”. ಆ “ಇಟ್” ಯಾವುದು ಎಂದು ಕೇಳಿದರೆ ಉತ್ತರವಿಲ್ಲ. ಮಳೆ ಬರುತ್ತಿದೆ ಎಂಬುದನ್ನು ನೇರವಾಗಿ ತಿರುಗಿಸಿ “ರೈನ್ ಈಸ್ ಕಮಿಂಗ್” ಎಂದರೆ ಅರ್ಥವೇನೋ ಆಗುತ್ತದೆ, ಅಂಕ ಸಿಗುವುದಿಲ್ಲ.

ಹಿಸ್, ಹರ್ ವಿಷಯದಲ್ಲಿ ನಮ್ಮ ಮಕ್ಕಳಿಗೆ ಅನುಕೂಲವೇ ಹೆಚ್ಚು. ಹಿಂದಿಯಲ್ಲಿ “ಉಸ್‌ಕಾ ಭಾಯಿ, ಉಸ್‌ಕೀ ಬಹನ್” ಎಂದಾಗ ಕಾ-ಕೀ ಬದಲಾಗುವುದು ಅಣ್ಣ, ತಂಗಿಯನ್ನು ನೋಡಿ. ಯಾರ ಅಣ್ಣ, ಅವನದೋ ಅವಳದೋ ತಿಳಿಯುವುದಿಲ್ಲ. ಕನ್ನಡದ ಅವನ – ಅವಳ, ಇಂಗ್ಲಿಷಿನ ಹಿಸ್ – ಹರ್, ಅರೇಬಿಕ್ಕಿನ ಕಿತಾಬುಹು – ಕಿತಾಬುಹಾ ಮೂರೂ ಒಂದೇ ದಾರಿಯವು. ಒಡೆಯ ಯಾರೆಂದು ನೋಡಿ ನಡೆಯುತ್ತವೆ. ಕನ್ನಡಕ್ಕೆ ಇನ್ನೊಂದು ಬಲವೂ ಇದೆ. “ರವಿ ತನ್ನ ಪುಸ್ತಕ ತಂದ” ಎಂದರೆ ರವಿಯದೇ, “ರವಿ ಅವನ ಪುಸ್ತಕ ತಂದ” ಎಂದರೆ ಬೇರೊಬ್ಬನದಿರಬಹುದು. ಇಂಗ್ಲಿಷಿನ “ಹಿಸ್ ಬುಕ್” ಎರಡಕ್ಕೂ ಒಂದೇ.

ಕನ್ನಡದ “ಅವರು” ಮಾತ್ರ ಎಚ್ಚರಿಕೆ ಬೇಡುವ ಪದ. ಅದು ಹಲವರೂ ಆಗಬಹುದು, ಗೌರವದ ಒಬ್ಬರೂ ಆಗಬಹುದು. ಹೆಣ್ಣೋ ಗಂಡೋ ಎಂದೂ ಅದು ಹೇಳುವುದಿಲ್ಲ. ಮೊದಲು ಹೇಳಿದ ತಾತನ ವಾಕ್ಯದಲ್ಲಿ “ದೇ” ನುಸುಳಿದ್ದು ಇಲ್ಲಿಂದ, ಮಗುವಿನ ಸಂಸ್ಕಾರದಿಂದ. ಇಂಗ್ಲಿಷಿನಲ್ಲಿ ತಾತನನ್ನು “ಹೀ” ಎಂದರೆ ಅಗೌರವವಲ್ಲ ಎಂದು ಆ ಮಗುವಿಗೆ ತಿಳಿಸಬೇಕು, ಬಯ್ಯಬಾರದು. ಯಾರೆಂದು ಗೊತ್ತಿಲ್ಲದ ಒಬ್ಬರಿಗೆ “ದೇ” ಬಳಸುವುದು ಇಂಗ್ಲಿಷಿನಲ್ಲೂ ಇದೆ, ಅದು ನೂರಾರು ವರ್ಷ ಹಳೆಯ ರೂಢಿ. “ಸಮ್‌ಒನ್ ಹ್ಯಾಸ್ ಲೆಫ್ಟ್ ದೇರ್ ಬ್ಯಾಗ್.” ಮೆರಿಯಮ್-ವೆಬ್‌ಸ್ಟರ್ ನಿಘಂಟಿನವರು 2019ರ ವರ್ಷದ ಪದವೆಂದು ಆರಿಸಿದ್ದು ಈ “ದೇ” ಪದವನ್ನೇ. ಕುತೂಹಲಕ್ಕೆ ಇನ್ನೊಂದು ವಿಷಯ: ದೇ, ದೆಮ್, ದೇರ್ ಮೂಲತಃ ಇಂಗ್ಲಿಷಿನವಲ್ಲ, ಇಂಗ್ಲೆಂಡಿಗೆ ಬಂದು ನೆಲೆಸಿದ ಸ್ಕ್ಯಾಂಡಿನೇವಿಯದವರ ಭಾಷೆಯಿಂದ ಬಂದವು.

ಈಗ “ಯು”. “ಇಂಗ್ಲಿಷಿನಲ್ಲಿ ಎಲ್ಲರಿಗೂ ಯು, ಕನ್ನಡದಲ್ಲಿ ಏಕೆ ನೀನು, ನೀವು ಎಂದು ಎರಡು?” ಇಲ್ಲೇ ಬೆಳೆದ ಮಕ್ಕಳು ತರಗತಿಯಲ್ಲಿ ಕೇಳುವ ಪ್ರಶ್ನೆ ಇದು. ಕೇಳಿ ಸುಮ್ಮನಾಗುವುದಿಲ್ಲ, “ಯು” ಎಂದರೆ “ನೀನು” ಎಂದು ತಾವೇ ತೀರ್ಮಾನಿಸಿ, ಊರಿಂದ ಫೋನ್ ಮಾಡಿದ ದೊಡ್ಡಪ್ಪನಿಗೂ “ನೀನು ಯಾವಾಗ ಬರ್ತೀಯ?” ಎನ್ನುತ್ತಾರೆ. ಆ ಕಡೆ ದೊಡ್ಡಪ್ಪ ಒಂದು ಕ್ಷಣ ಮಾತು ನಿಲ್ಲಿಸುತ್ತಾರೆ.

ನಿಜ ಸಂಗತಿ ಬೇರೆ. ಇಂಗ್ಲಿಷಿನಲ್ಲಿಯೂ ಎರಡಿದ್ದವು. ಒಬ್ಬನಿಗೆ “ದೌ”, ಹಲವರಿಗೆ “ಯೀ” ಮತ್ತು “ಯು”. ಆಮೇಲೆ ಹಿರಿಯರಿಗೆ, ಅಧಿಕಾರದವರಿಗೆ ಬಹುವಚನ ಬಳಸುವ ರೂಢಿ ಬಂತು, ಥೇಟ್ ನಮ್ಮ “ನೀವು” ಹಾಗೆ. ಗೌರವ ಹರಡುತ್ತಾ ಹೋಗಿ 17ನೇ ಶತಮಾನ ಮುಗಿಯುವಷ್ಟರಲ್ಲಿ ಸಾಮಾನ್ಯರ ಮಾತಿನಿಂದ “ದೌ” ಬಹುಮಟ್ಟಿಗೆ ಮರೆಯಾಯಿತು. ಒಬ್ಬನೇ ಇದ್ದರೂ “ಯು ಆರ್” ಎನ್ನುತ್ತೇವೆ, “ಯು ಈಸ್” ಎನ್ನುವುದಿಲ್ಲ. ಆ “ಆರ್” ಬಹುವಚನದ ಗುರುತಾಗಿ ಇನ್ನೂ ಉಳಿದಿದೆ. ಅಂದರೆ ಇಂಗ್ಲಿಷರು ಕಳೆದುಕೊಂಡದ್ದು “ನೀನು”, ಉಳಿಸಿಕೊಂಡದ್ದು “ನೀವು”. ಅವರು ಮನೆಯ ನಾಯಿಯನ್ನೂ “ನೀವು” ಎನ್ನುತ್ತಾರೆ ಎಂದರೂ ತಪ್ಪಿಲ್ಲ! ಹಾಗಿರುವಾಗ “ಯು” ಪದವನ್ನು ನೆಪ ಮಾಡಿಕೊಂಡು ದೊಡ್ಡಪ್ಪನನ್ನು “ನೀನು” ಎನ್ನಲು ಆಗುವುದಿಲ್ಲ. ಅಮ್ಮನನ್ನು, ಅಜ್ಜಿಯನ್ನು “ನೀನು” ಎನ್ನುವ ಮನೆಗಳು ನಮ್ಮಲ್ಲಿ ಬಹಳ ಇವೆ. ಅದು ಸಲುಗೆ, ಅದರ ಮಾತೇ ಬೇರೆ. ಯಾರಿಗೆ ಯಾವುದು ಎಂಬುದನ್ನು ಪುಸ್ತಕದಿಂದ ಕಲಿಯಲಾಗದು, ಮನೆಯಲ್ಲಿ ಕನ್ನಡ ಕೇಳುತ್ತಲೇ ಕಲಿಯಬೇಕು.

ಅಭ್ಯಾಸ

ದೊಡ್ಡವರು ಓದಿ ಹೇಳಿ, ಮಕ್ಕಳು ಇಂಗ್ಲಿಷಿನಲ್ಲಿ ಬರೆಯಿರಿ. ಒಂದು, ಹುಡುಗಿಯರ ಶಾಲೆ ದೊಡ್ಡದು. ಎರಡು, ನಾಯಿ ಅದರ ಊಟ ಮುಗಿಸಿತು. ಮೂರು, ನನ್ನ ಚಿಕ್ಕಮ್ಮಂದಿರಲ್ಲಿ ಒಬ್ಬರು ಡಾಕ್ಟರು. ನಾಲ್ಕು, ಮೇಷ್ಟ್ರು ನನಗೂ ತಂಗಿಗೂ ಐದು ಪೆನ್ಸಿಲ್ ಕೊಟ್ಟರು. ಕೊನೆಯದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತನ್ನಿ: “ದೊಡ್ಡಪ್ಪ, ವೆನ್ ಆರ್ ಯು ಕಮಿಂಗ್?”

ಉತ್ತರಗಳು: ಒಂದರಲ್ಲಿ ಗರ್ಲ್ಸ್ ಪದದ ಎಸ್ ಆದಮೇಲೆ ಗುರುತು. ಎರಡರಲ್ಲಿ ಇಟ್ಸ್ ಪದಕ್ಕೆ ಗುರುತಿಲ್ಲ. ಮೂರರಲ್ಲಿ “ಒನ್ ಆಫ್ ಮೈ ಆಂಟ್ಸ್ ಈಸ್ ಅ ಡಾಕ್ಟರ್”, ಆಂಟ್ಸ್ ಬಹುವಚನ, ಆದರೆ ಒಬ್ಬರೇ ಆದ್ದರಿಂದ ಈಸ್. ನಾಲ್ಕರಲ್ಲಿ “ಮೈ ಸಿಸ್ಟರ್ ಅಂಡ್ ಮಿ”, ಮತ್ತು ಪೆನ್ಸಿಲ್‌ಗೆ ಎಸ್. ಐದು: “ದೊಡ್ಡಪ್ಪ, ನೀವು ಯಾವಾಗ ಬರ್ತೀರಿ?”